ಮಿಲಾಗ್ರೋಸ್ ಬರೆದ ಊಟದ ಪಟ್ಟಿ

೧೯೭೩ರಲ್ಲಿ ನಾನು ಅಮೆರಿಕದ ಪ್ಯಾಟರ್ಸನ್ನಿನ ಒಂದು ಆಸ್ಪತ್ರೆಯಲ್ಲಿ ಡಯಟೀಶಿಯನ್ ಆಗಿದ್ದೆ. ಮೈಸೂರಿನಲ್ಲಿ ಹೋಮ್ ಸೈನ್ಸ್ ಓದಿದ್ದರೂ ಇಲ್ಲಿ ಮತ್ತೆ ಪರೀಕ್ಷೆ ಕಟ್ಟಿ ಸಿಕ್ಕ ಕೆಲಸ. ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕೆಂದು ಹೇಳುವುದು ನನ್ನ ಪಾಲಿಗಿತ್ತು. ವಾರ್ಡಿನಲ್ಲಿ ಅರ್ಧಕ್ಕರ್ಧ ಪೋರ್ಟೊರಿಕೋದವರು. ಡಾಕ್ಟರಿಗಾಗಲಿ ನರ್ಸುಗಳಿಗಾಗಲಿ ನನಗಾಗಲಿ ಅವರಾಡುವ ಸ್ಪ್ಯಾನಿಶ್ ಬಾರದು. ಆ ಭಾಷೆ ಬಲ್ಲ ಕೆಲಸದವರೆಲ್ಲ ಕೆಳಗೆ ಅಡುಗೆಮನೆಯಲ್ಲೋ ಲಾಂಡ್ರಿಯಲ್ಲೋ ಇದ್ದರು.

ಎರ್ಮಿನಿಯಾ ಎಂಬ ಅಜ್ಜಿ ಆರು ತಿಂಗಳಲ್ಲಿ ಮೂರನೇ ಸಲ ಅಡ್ಮಿಟ್ ಆದರು. ನಾನು ಎಂದಿನಂತೆ ಇಂಗ್ಲಿಷಿನ ಊಟದ ಪಟ್ಟಿ ಹಿಡಿದು ಪನೀರಿನಂಥ ಕಾಟೇಜ್ ಚೀಸ್, ಟೋಸ್ಟ್ ಎಂದು ಬೆರಳಿಟ್ಟು ತೋರಿಸಿದೆ. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದರು. ಊಟದ ಟ್ರೇ ಒಯ್ಯಲು ಬಂದಿದ್ದ ಅಡುಗೆಮನೆಯ ಮಿಲಾಗ್ರೋಸ್ ಅಲ್ಲೇ ನಿಂತಳು.

"ಮಿಸೆಸ್ ಮೂರ್ತಿ, ಅವರು ಹೂಂ ಅನ್ನೋದು ಮರ್ಯಾದೆಗೆ. ಇದರಲ್ಲಿ ಒಂದನ್ನೂ ಅವರು ಮನೇಲಿ ತಿನ್ನಲ್ಲ."

"ಮತ್ತೇನು ತಿಂತಾರೆ?"

ಅವಳು ಅಜ್ಜಿಯನ್ನೇ ಕೇಳಿದಳು. ಬರೀ ತಲೆಯಾಡಿಸುತ್ತಿದ್ದ ಅಜ್ಜಿ ಮಾತಾಡಿದ್ದೇ ಮಾತಾಡಿದ್ದು. ಮಿಲಾಗ್ರೋಸ್ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ಅನ್ನ, ಕೆಂಪು ಕಾಳು, ಕರಿದ ಬಾಳೆಕಾಯಿ. ನನ್ನ ಪಟ್ಟಿಯಲ್ಲಿ ಅನ್ನ ಇಷ್ಟೇ ತಿನ್ನಿ ಎಂದು ಎಲ್ಲೂ ಇಲ್ಲವಲ್ಲ, ಹಾಗಾಗಿ ಅದನ್ನು ಹೊಟ್ಟೆ ತುಂಬ ತಿನ್ನುತ್ತಿದ್ದರಂತೆ. ನನಗೆ ನಾಚಿಕೆಯಾಯಿತು. ಇದೇ ಪಟ್ಟಿಯನ್ನು ಯಾರಾದರೂ ನನ್ನ ಅತ್ತೆಯ ಕೈಗೆ ಕೊಟ್ಟಿದ್ದರೆ ಅವರೂ ಹೂಂಗುಟ್ಟಿ ಮಡಚಿಡುತ್ತಿದ್ದರು.

ಮೂರು ವಾರ ಲಂಚ್ ಹೊತ್ತಿನಲ್ಲಿ ಇಬ್ಬರೂ ಕೂತು ಹೊಸ ಪಟ್ಟಿ ಮಾಡಿದೆವು. ನಾನು ಅನ್ನ, ಕಾಳುಗಳ ಅಳತೆ ಹೇಳಿದೆ, ಅವಳು ಸ್ಪ್ಯಾನಿಶ್‌ನಲ್ಲಿ ಬರೆದಳು. "ಔನ್ಸ್ ಬೇಡ, ಕಾಫಿ ಲೋಟ ಅನ್ನಿ. ಎಲ್ಲರ ಮನೇಲೂ ಇರುತ್ತೆ," ಎಂದು ತಿದ್ದಿದಳು.

ನಮ್ಮ ಮುಖ್ಯಸ್ಥೆ ಮೆಚ್ಚಿಕೊಂಡರು. ಅಚ್ಚಿಗೆ ಕಳಿಸುವಾಗ ಮಾತ್ರ ನನ್ನ ಹೆಸರೊಂದನ್ನೇ ಹಾಕಿದ್ದರು.

"ಇದು ಮಿಲಾಗ್ರೋಸ್‌ದು," ಎಂದೆ. "ರೋಗಿಗಳ ಹತ್ರ ಮಾತಾಡೋಕೆ ಅವಳನ್ನ ವಾರ್ಡಿಗೆ ಹಾಕಿ."

"ಕಿಚನ್ ಹೆಲ್ಪರ್‌ನ?"

"ನನ್ನ ಕೈಲಾಗದ್ದು ಅವಳ ಕೈಲಾಗುತ್ತೆ."

ಎರಡು ತಿಂಗಳು ಸತಾಯಿಸಿ ಒಪ್ಪಿದರು; ಪಟ್ಟಿಗೆ ಅವಳ ಹೆಸರನ್ನೂ ಸೇರಿಸಿದರು. ಎರ್ಮಿನಿಯಾ ಅಜ್ಜಿ ಆಮೇಲೆ ಅಡ್ಮಿಟ್ ಆಗಲಿಲ್ಲ. ಚೆಕಪ್ಪಿಗೆ ಬಂದು, ಮಿಲಾಗ್ರೋಸ್ ಜೊತೆ ಹರಟಿ ಹೋಗುತ್ತಿದ್ದರು.

ಮಿಲಾಗ್ರೋಸ್ ಸಂಜೆ ಕಾಲೇಜಿಗೆ ಹೋಗಿ ೧೯೭೬ರಲ್ಲಿ ಡಯಟೀಶಿಯನ್ನಿಗೆ ನೆರವಾಗುವ ಡಯಟ್ ಟೆಕ್ನಿಶಿಯನ್ ಆದಳು. ಫಲಿತಾಂಶ ಬಂದ ದಿನ ನನ್ನನ್ನು ತಬ್ಬಿಕೊಂಡು, "ನೀವಿಲ್ಲದಿದ್ದರೆ ಕೆಳಗೇ ಇರ್ತಿದ್ದೆ," ಎಂದಳು.

"ನೀನಿಲ್ಲದಿದ್ದರೆ ನಾನು ಇನ್ನೂ ಕಾಟೇಜ್ ಚೀಸ್ ಹಂಚ್ತಿದ್ದೆ, ಮಾರಾಯ್ತಿ," ಎಂದೆ. ಮಾರಾಯ್ತಿ ಅವಳಿಗೆ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಅರ್ಥ ಹೇಳಿದೆ.