ಚರ್ಮದ ಕೇಸು

"ಅಳೋದಾದ್ರೆ ಆಚೆ ಹೋಗಿ ಅಳು. ಇದು ಬಿಲ್ ಕೌಂಟರು, ಸುಡುಗಾಡಲ್ಲ."

ಗಾಜಿನ ಹಿಂದೆ ಕೂತ ಗುಮಾಸ್ತ ಕಂಪ್ಯೂಟರಿನಿಂದ ತಲೆ ಎತ್ತದೆ ಗದರಿದ. ಅವಳು ಅಳುತ್ತಿರಲಿಲ್ಲ. ಸಿಮೆಂಟು ಹೊತ್ತು ಹೊತ್ತು ಅವಳ ಕಣ್ಣು ಸದಾ ಹಾಗೇ ಒಸರುತ್ತಿದ್ದವು. ಅದನ್ನು ಇವನಿಗೆ ಬಿಡಿಸಿ ಹೇಳಿ ಆಗಬೇಕಾದದ್ದೇನೂ ಇರಲಿಲ್ಲ.

"ಡಾಕ್ಟ್ರು ಇನ್ನೊಂದ್ಸಲ ಗಾಯ ಬಿಡಿಸಿ ತೊಳೀಬೇಕು ಅಂದ್ರು ಸಾರ್. ವಿಮೆ ಒಪ್ಪಿಗೆ ಬೇಕಂತೆ."

"ನಿಂಗೆಷ್ಟು ಸಲ ಬಡ್ಕೋಬೇಕು? ತೊಳೆಯೋದಕ್ಕೆ ಕಂಪ್ಯೂಟರಲ್ಲಿ ಮೂರು ಕೋಡ್ ನಂಬರು. ಚರ್ಮದವರೆಗೆ ಒಂದು, ಮಾಂಸದವರೆಗೆ ಒಂದು, ಮೂಳೆವರೆಗೆ ಒಂದು. ಮೂಳೆ ಮುರಿದು ಹೊರಗೆ ಬಂದಿದ್ರೆ ಎಷ್ಟು ಸಲ ತೊಳೆದ್ರೂ ವಿಮೆಯವ್ರು ಕೊಡ್ತಾರೆ. ನಿನ್ನ ಗಂಡಂದು ಚರ್ಮ. ಒಂದು ಸಲ ತೊಳೆದಾಯ್ತು, ಮುಗೀತು."

"ಮೂಳೆ ಕಾಣ್ತಿದೆ ಸಾರ್."

"ನಿಂಗೆ ಕಾಣ್ತಿದೆ, ಕಂಪ್ಯೂಟರಿಗೆ ಕಾಣ್ತಿಲ್ಲ. ಬಚ್ಚಲಲ್ಲಿ ಜಾರಿದ, ತರಚಿದೆ ಅಂತ ನೀನೇ ತಾನೆ ಅಂದಿದ್ದು?"

ಹೌದು, ಅವಳೇ ಅಂದಿದ್ದಳು. ಆ ಮಾತನ್ನು ಅವಳ ಬಾಯಿಗೆ ತುರುಕಿದವನು ಮೇಸ್ತ್ರಿ. ಕಟ್ಟಡದ ಗೋಡೆಗೆ ಹತ್ತಿ ನಿಲ್ಲಲು ಕಟ್ಟಿದ್ದ ಸಾರುವೆ ಕಳಚಿ ಗಂಡ ಎರಡನೇ ಮಹಡಿಯಿಂದ ಬಿದ್ದಾಗ ಮೇಸ್ತ್ರಿಯೇ ಆಟೋ ತಂದಿದ್ದ. "ಕೆಲಸದ ಜಾಗ ಅಂದ್ರೆ ಪೊಲೀಸ್ರು ಬರ್ತಾರೆ. ಆಮೇಲೆ ನಿಮಗೆ ಇರೋಕೆ ಶೆಡ್ಡೂ ಇಲ್ಲ, ಕೂಳೂ ಇಲ್ಲ. ಬಚ್ಚಲು ಅನ್ನು. ಖರ್ಚೆಲ್ಲಾ ಧಣೀದು. ನಿನ್ನಣ್ಣ ಇದ್ದಂಗೆ ನಾನು" ಅಂದಿದ್ದ. ಅವಳು ನಂಬಿದಳು. ಚರ್ಮ ಅಂತ ಬರೆಸಲು ಅವನು ಇದೇ ಗುಮಾಸ್ತನ ಕೈ ಬೆಚ್ಚಗೆ ಮಾಡಿದ್ದನ್ನು ಕಣ್ಣಾರೆ ಕಂಡೂ ಆಸ್ಪತ್ರೆ ಖರ್ಚು ಕಟ್ಟುತ್ತಿದ್ದಾನೆ ಅಂದುಕೊಂಡಳು. ಕೈಮುಗಿದಿದ್ದಳು ಬೇರೆ.

"ಕೀವು ಮೂಳೆಗಿಳಿದ್ರೆ ಕಾಲೇ ಹೋಗುತ್ತಂತೆ ಸಾರ್."

ಗುಮಾಸ್ತ ಆಗ ಅವಳ ಮುಖ ನೋಡಿದ. ಉಪಕಾರ ಮಾಡುವವನಂತೆ ದನಿ ತಗ್ಗಿಸಿದ.

"ಕಾಲು ತೆಗೆಸ್ತೀಯಾ ಹೇಳು. ಅದಕ್ಕೆ ಬೇರೆ ಕೋಡಿದೆ. ಇವತ್ತೇ ಒಪ್ಪಿಗೆ ತರಿಸ್ಕೊಡ್ತೀನಿ."

ಅವಳ ಮೈಯೆಲ್ಲ ಉರಿದುಹೋಯಿತು. ತಿರುಗಿ ನಡೆದಳು.

ಚರ್ಮದ ಕೇಸಿಗೆ ಮಂಚ ಯಾಕೆಂದು ಗಂಡನನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಟ್ರೆಚರ್ ಗಾಡಿಯ ಮೇಲೆ ಮಲಗಿಸಿದ್ದರು. ಎತ್ತರದ ಆಳು, ಕೆಲಸದವರೆಲ್ಲ ಉದ್ದಣ್ಣ ಅನ್ನುತ್ತಿದ್ದರು. ಪಾದಗಳು ಗಾಡಿಯಿಂದಾಚೆ ಚಾಚಿದ್ದವು. ಪಕ್ಕದಲ್ಲಿ ಮೇಸ್ತ್ರಿ ಮೂಗಿಗೆ ಕರ್ಚೀಫು ಒತ್ತಿ ನಿಂತಿದ್ದ.

"ಮನೆಗೆ ಕರ್ಕೊಂಡು ಹೋಗೋಣಮ್ಮ. ಶೆಡ್ಡಲ್ಲೇ ಪಟ್ಟಿ ಕಟ್ಟಿಸ್ತೀನಿ."

ಅವಳು ಗಾಡಿಯ ಹಿಡಿಗೆ ಕೈ ಹಾಕಿದಳು.

"ಎಲ್ಲಿಗೆ ಕಣೆ?" ಗಂಡ ನರಳಿದ.

"ಬಿಲ್ ಕೌಂಟರಿಗೆ."

"ಬೇಡ, ಮರ್ಯಾದೆ ಹೋಗುತ್ತೆ."

"ಇದ್ರೆ ತಾನೆ ಹೋಗೋಕೆ?"

ಮೇಸ್ತ್ರಿ ಅಡ್ಡ ಬಂದ. "ಏ ಲೌಡಿ, ತಲೆ ಕೆಟ್ಟಿದ್ಯಾ?" ಅವಳು ಗಾಡಿ ನುಗ್ಗಿಸಿದಳು. ಕಬ್ಬಿಣದ ಅಂಚು ಮೊಣಕಾಲಿಗೆ ಬಡಿದು ಅವನು ಒಂಟಿಗಾಲಲ್ಲಿ ಕುಣಿದ.

"ಚರ್ಮ ಅಷ್ಟೇ ತರಚಿದ್ದು, ಕೂಗ್ಬೇಡ ಅಣ್ಣ" ಅಂದಳು.

ಬಿಲ್ ಕೋಣೆಯ ಪಕ್ಕದ ಬಾಗಿಲನ್ನು ಗಾಡಿಯಿಂದಲೇ ದೂಡಿ ಒಳಹೊಕ್ಕಳು. ಚಿಲಕ ಹಾಕಿದಳು. ಗುಮಾಸ್ತ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಅವಳು ಪಟ್ಟಿ ಬಿಚ್ಚತೊಡಗಿದಳು. ಕೊನೆಯ ಸುತ್ತು ಮಾಂಸಕ್ಕೆ ಅಂಟಿತ್ತು. ಗಂಡ ಹೊದಿಕೆ ಕಚ್ಚಿಕೊಂಡ. ಎಳೆದಳು.

ಮೊಣಕಾಲ ಕೆಳಗೆ ಕಪ್ಪುಗಟ್ಟಿದ ಮಾಂಸದ ನಡುವೆ ಮುರಿದ ಮೂಳೆಯ ಚೂಪು ತುದಿ ಬೆಳ್ಳಗೆ ಕಾಣುತ್ತಿತ್ತು. ಕೋಣೆ ತುಂಬ ನಾತ. ಗಾಜಿನಾಚೆಯ ಸಾಲಿನಲ್ಲಿದ್ದವರು ಬಾಯಿ ಮುಚ್ಚಿಕೊಂಡರು. ಯಾರೂ ಕದಲಲಿಲ್ಲ.

"ಕೂತ್ಕೋ. ಇದು ಯಾವ ಕೋಡು ಅಂತ ನೋಡಿ ಹೇಳು."

ಗುಮಾಸ್ತ ಗೋಡೆಗೆ ಅಂಟಿದ್ದ. "ಅಮ್ಮಾ, ಮುಚ್ಚಮ್ಮಾ ಮೊದ್ಲು."

"ಬರೆದ ಮೇಲೆ ಮುಚ್ತೀನಿ."

ಅವನು ಕುರ್ಚಿ ಎತ್ತಿಕೊಂಡು ಕೂತ. "ಮೂಳೆ ಅಂತ ಹಾಕಿದ್ರೆ... ಎಲ್ಲಿ ಬಿದ್ದಿದ್ದು ಅಂತ ಕಂಪ್ಯೂಟರು ಕೇಳುತ್ತೆ."

ಮೇಸ್ತ್ರಿ ಬಾಗಿಲು ಗುದ್ದತೊಡಗಿದ. "ಬಾಯಿ ಬಿಟ್ಯೋ, ಸಂಜೆಯೊಳಗೆ ಶೆಡ್ಡು ಕಿತ್ತು ಬೀದಿಗೆ ಬಿಸಾಕ್ತೀನಿ!"

ಶೆಡ್ಡಿನಲ್ಲಿ ಅತ್ತೆಯ ಜೊತೆ ಬಿಟ್ಟುಬಂದ ಮಗಳ ನೆನಪಾಗಿ ಅವಳು ಬಾಗಿಲತ್ತ ತಿರುಗಿದಳು. ಹೆದರಿಕೆ ಆಯಿತು, ನಿಜಕ್ಕೂ ಆಯಿತು.

ಗಂಡ ಬಾಯಲ್ಲಿ ಕಚ್ಚಿದ್ದ ಹೊದಿಕೆ ಉಗಿದ.

"ಧಣಿ ಕಟ್ಟಡ. ಎರಡನೇ ಮಹಡಿ. ಸಾರುವೆ ಹಗ್ಗ ಕೊಳೆತಿದೆ ಅಂತ ಮೇಸ್ತ್ರಿಗೆ ಹೇಳ್ದೆ. ಹತ್ತಲೇ ಬೋಳಿಮಗನೆ ಅಂದ. ಅದನ್ನೂ ಬರ್ಕೋ."

"ಅದಕ್ಕೆ ಕೋಡಿಲ್ಲ" ಅಂದ ಗುಮಾಸ್ತ.

ಹೊರಗೆ ಗುದ್ದುವ ಕೈಗಳು ಹೆಚ್ಚಾದವು. ಚಿಲಕದ ಮೊಳೆ ಒಂದೊಂದಾಗಿ ಮೇಲೇಳುತ್ತಿತ್ತು. ಅವಳು ಬಾಗಿಲಿಗೆ ಬೆನ್ನು ಕೊಟ್ಟು, ಕಾಲೂರಿ ನಿಂತಳು.

"ಅದನ್ನ ನಾವು ಆಮೇಲೆ ನೋಡ್ಕೋತೀವಿ. ನೀನು ಮೊದ್ಲು ಮೂಳೆ ಅಂತ ಬರಿ."