ಜಗಳಕ್ಕೊಬ್ಬ ಇಂಗ್ಲಿಷಿನವನು

ಏಳು ಸಮುದ್ರ ದಾಟಿ, ಎಂಟನೆಯದು ಸಿಗದೆ ಹಡಗು ನಿಂತುಬಿಟ್ಟ ಒಂದು ದೇಶದಲ್ಲಿ, ಕಲ್ಲಿದ್ದಲ ಹೊಗೆಗೆ ಪಾರಿವಾಳಗಳೂ ಕಾಗೆಗಳಂತೆ ಕಾಣುತ್ತಿದ್ದ ಒಂದು ಊರಿನಲ್ಲಿ, ಹಿಂದೆ ಒಬ್ಬಳು ರಕ್ಕಸಿ ಇದ್ದಳು. ಅವಳಿಗೆ ಕೊಂಬಿರಲಿಲ್ಲ, ಕೋರೆಹಲ್ಲಿರಲಿಲ್ಲ. ಇಸ್ತ್ರಿ ಮಾಡಿದ ಏಪ್ರನ್ ಇತ್ತು. ಹೆಸರು ಮಿಸೆಸ್ ಕ್ಲೆಗ್. ಆ ರಕ್ಕಸಿಯ ಮಹಡಿಯ ಬಾಡಿಗೆ ಕೋಣೆಗೆ, ಡಾಕ್ಟರೊಬ್ಬನ ಕೈಹಿಡಿದು, ತಿಪಟೂರಿನಿಂದ ಒಬ್ಬಳು ರಾಜಕುಮಾರಿ ಬಂದಳು. ರಾಜಕುಮಾರಿಗೆ ಇಪ್ಪತ್ತೊಂದು ವರ್ಷ. ಅವಳ ಆಸ್ತಿ ಎಂದರೆ ಆರು ಸೀರೆ, ಮತ್ತು ಇಂಗ್ಲಿಷಿನಲ್ಲಿ ಎರಡು ಮಾತು: ಎಸ್, ನೋ.

ಒಂದು ಭಾನುವಾರ ರಾಜಕುಮಾರಿ ಆರೂ ಸೀರೆ ಒಗೆದು ಹಿತ್ತಲ ತಂತಿಯ ಮೇಲೆ ಹರವಿದಳು. ರಕ್ಕಸಿ ಹೊರಗೆ ಬಂದಳು. ಬೈಯುವುದಕ್ಕೆ ಮೊದಲು ಏಪ್ರನ್ನಿನ ಗಂಟು ಬಿಗಿ ಮಾಡಿಕೊಂಡಳು. ಆಮೇಲೆ ನಲವತ್ತು ನಿಮಿಷ, ಒಂದು ಸಲವೂ ದನಿ ಏರಿಸದೆ ಬೈದಳು. ಇದು ಮರ್ಯಾದಸ್ಥರ ಬೀದಿ, ಭಾನುವಾರ ದೇವರೇ ಕೆಲಸ ಮಾಡಲಿಲ್ಲ, ಅಕ್ಕಪಕ್ಕದವರು ಏನಂದುಕೊಂಡಾರು. ರಾಜಕುಮಾರಿ ತನ್ನ ಎರಡೂ ಮಾತುಗಳನ್ನು ತಪ್ಪು ಜಾಗದಲ್ಲಿ ಖರ್ಚು ಮಾಡಿ, ಮೇಲೆ ಹೋಗಿ ಅತ್ತಳು. ಸಂಜೆ ಗಂಡ ಬಂದು ಬೈಗುಳದ ಅರ್ಥವನ್ನೆಲ್ಲ ಕೆಳಗೆ ಕೇಳಿಕೊಂಡು ಬಂದು ಬಿಡಿಸಿ ಹೇಳಿದ ಮೇಲೆ ಇನ್ನೊಂದು ಸಲ ಅತ್ತಳು.

"ಆಮೇಲೆ?" ಎಂದು ಕೇಳುತ್ತಿದ್ದಳು ಪುಟ್ಟ ಗಗನಾ.

"ಆಮೇಲೆ ಏನೂ ಇಲ್ಲ," ಎನ್ನುತ್ತಿದ್ದಳು ಅಜ್ಜಿ. "ಉತ್ತರ ಇನ್ನೂ ಬಾಯಲ್ಲೇ ಐತೆ."

ಬೇರೆ ಮಕ್ಕಳ ಅಜ್ಜಿಯರ ಕತೆಯಲ್ಲಿ ರಕ್ಕಸಿ ಸಾಯುತ್ತಿದ್ದಳು. ಚನ್ನಮ್ಮಜ್ಜಿಯ ಕತೆಯಲ್ಲೂ ಸತ್ತಳು, ಆದರೆ ನ್ಯುಮೋನಿಯಾದಿಂದ, ತನ್ನ ಪಾಡಿಗೆ ತಾನು, ಉತ್ತರವನ್ನು ಕೇಳಿಸಿಕೊಳ್ಳದೆಯೇ. ಅಷ್ಟರಲ್ಲಿ ಅಜ್ಜಿ ಊರಿಗೆ ಹಿಂತಿರುಗಿ, ಹತ್ತು ವರ್ಷ ಕಷ್ಟಪಟ್ಟು ಇಂಗ್ಲಿಷ್ ಕಲಿತು, ಉತ್ತರವನ್ನು ಬರೆದು, ತಿದ್ದಿ, ಮಗ್ಗಿಯಂತೆ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಅದನ್ನು ಯಾರಿಗೂ ಹೇಳಲೊಲ್ಲಳು. ಇಂಗ್ಲಿಷಿನವರು ಬೈದ ಹೊರತು ಅದು ಹೊರಗೆ ಬರುವಂತಿರಲಿಲ್ಲ. ಏಳು ವರ್ಷದ ಗಗನಾ ಅಜ್ಜಿಯ ಗಲ್ಲ ಹಿಡಿದು ಮಾತು ಕೊಟ್ಟಳು: "ನಾನು ದೊಡ್ಡೋಳಾದ್ಮೇಲೆ ನಿನಗೆ ಇನ್ನೊಬ್ಬರನ್ನ ಹುಡುಕಿಕೊಡ್ತೀನಿ."

ಈಗ ಗಗನಾಗೆ ಇಪ್ಪತ್ತೆಂಟು. ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬಂದರು ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ, ಮಾತ್ರೆಗಳು ನೀರಿನಲ್ಲಿ ಎಷ್ಟು ನಿಮಿಷಕ್ಕೆ ಕರಗುತ್ತವೆ ಎಂದು ನೋಡುವುದು ಅವಳ ಕೆಲಸ. ನೋಡುತ್ತ ನೋಡುತ್ತ ಅವಳೂ ಕರಗಿಬಿಡುತ್ತಾಳೆ ಎನ್ನುವುದು ನಮ್ಮ ಕರಾವಳಿ ಕಡೆಯ ಸಹೋದ್ಯೋಗಿ ರೋಯ್ಸ್ಟನ್‌ನ ದೂರು. ಎಪ್ಪತ್ತಮೂರು ದಾಟಿದ ಅಜ್ಜಿ ಮೂರು ವಾರದ ಮಟ್ಟಿಗೆ ಬಂದಿಳಿದಾಗ, ಏರ್‌ಪೋರ್ಟಿನಿಂದ ಕಾರಿನಲ್ಲಿ ಕರೆತಂದವನು ಅವನೇ. ಕಾರು ಹೆದ್ದಾರಿ ಹತ್ತುವುದರೊಳಗೆ ಅಜ್ಜಿ ಕೇಳಿದಳು:

"ಎಲ್ಲೇ ಅವರು? ಮಾತು ಕೊಟ್ಟಿದ್ದೆಯಲ್ಲ."

ವಿಷಯ ಕೇಳಿ ರೋಯ್ಸ್ಟನ್ ಸ್ಟಿಯರಿಂಗ್ ತಟ್ಟಿ ನಕ್ಕ. "ಅಜ್ಜಿ, ಇದು ಕಾರ್ಕ್ ಮಾರಾಯ್ರೆ! ಇವರನ್ನೂ ನೂರಾರು ವರ್ಷ ಆಳಿದ್ದು ಅವರೇ. ಇಂಗ್ಲಿಷಿನವರ ಹತ್ರ ಜಗಳಕ್ಕೆ ಇಲ್ಲಿ ನಿಮಗಿಂತ ಮುಂಚೆ ದೊಡ್ಡ ಕ್ಯೂ ಉಂಟು. ನಿಮ್ಮ ಟೋಕನ್ ಬರುವಾಗ ವರ್ಷ ನೂರಾಗ್ತದೆ."

"ನನಗೆ ಒಬ್ಬ ಸಾಕಪ್ಪ. ದೇಶ ಬೇಡ."

ಒಬ್ಬ ಇದ್ದ. ಗಗನಾಳ ಮನೆಗೂ ಪಕ್ಕದ ಮನೆಗೂ ನಡುವೆ ಸೊಂಟದೆತ್ತರದ ಮರದ ಬೇಲಿ. ಅದರ ಆಚೆ ಟ್ರೆವರ್. ಅರವತ್ತಮೂರು ವರ್ಷ, ಇಂಗ್ಲೆಂಡಿನ ಉತ್ತರ ಭಾಗದವನು, ಭೂಗೋಳದ ಮೇಷ್ಟ್ರಾಗಿ ನಿವೃತ್ತನಾಗಿ ಇಲ್ಲಿ ಬಂದು ನೆಲೆಸಿದವನು. ಗಗನಾ ಅಜ್ಜಿಗೆಂದೇ ಅವನನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದಳು. ಅವನನ್ನು ಸರಿಯಾಗಿ ನೋಡಿರಲಿಲ್ಲ ಎನ್ನುವುದು ಮರುದಿನ ಬೆಳಿಗ್ಗೆ ಅವನು ಬಾಗಿಲು ತಟ್ಟಿದಾಗ ಗೊತ್ತಾಯಿತು.

ಟ್ರೆವರ್ ಬರಿಗಾಲಲ್ಲಿದ್ದ. ಹರಿದ ಚಡ್ಡಿ, ಮೀನಖಂಡದ ಮೇಲೆ ಓಂಕಾರದ ಹಚ್ಚೆ, ಕೈಯಲ್ಲಿ ತಾನೇ ಹುಳಿ ಬರಿಸಿದ ಅರಿಶಿನದ ಪಾನಕದ ಬಾಟಲಿ. ಎರಡೂ ಕೈ ಜೋಡಿಸಿ, ಸೊಂಟದವರೆಗೆ ಬಗ್ಗಿ, "ನಮಸ್ತೆ" ಎಂದ. ಅಜ್ಜಿ ಇಂಗ್ಲೆಂಡಿನಲ್ಲಿ ಹನ್ನೊಂದು ತಿಂಗಳು ಇದ್ದವಳೆಂದು ತಿಳಿದ ಕೂಡಲೇ ಅವನ ಮುಖ ಬಾಡಿತು. "ನಮ್ಮವರು ನಿಮ್ಮ ದೇಶಕ್ಕೆ ಮಾಡಿದ್ದಕ್ಕೆಲ್ಲ ನಾನು ಕ್ಷಮೆ ಕೇಳುತ್ತೇನೆ," ಎಂದ.

"ಇನ್ನೂರು ವರ್ಷದ್ದೂ?" ಎಂದಳು ಅಜ್ಜಿ.

"ಪೂರ್ತಿ," ಎಂದ ಟ್ರೆವರ್.

ಅವನು ಹೋದ ಮೇಲೆ ಅಜ್ಜಿ ಬಹಳ ಹೊತ್ತು ಬಾಟಲಿಯನ್ನೇ ನೋಡಿದಳು. "ಪಾಪ, ಬಡವನೇನೇ? ಕಾಲಿಗೊಂದು ಚಪ್ಪಲಿ ಇಲ್ಲ."

"ಪೆನ್ಷನ್ ಬರುತ್ತೆ ಅಜ್ಜಿ. ಅದು ಸ್ಟೈಲು."

"ಮಿಸೆಸ್ ಕ್ಲೆಗ್ ಹಾಲಿನ ಬಾಟಲಿ ಎತ್ತಿಕೊಳ್ಳೋಕೆ ಬಾಗಿಲಿಗೆ ಬರಬೇಕಾದ್ರೂ ಗ್ಲೌಸ್ ಹಾಕ್ಕೊಂಡು ಬರ್ತಿದ್ಲು. ಅವಳ ದೇಶ ಈ ಗತಿಗೆ ಬಂತಾ?" ಅಜ್ಜಿಯ ದನಿಯಲ್ಲಿ ನಿಜವಾದ ದುಃಖವಿತ್ತು. "ಶತ್ರು ಅಂದ್ರೆ ಹಂಗಿರಬೇಕು ಕಣೆ. ಇವನ್ನ ನೋಡಿದ್ರೆ ಊಟಕ್ಕೆ ಹಾಕೋಣ ಅನ್ನಿಸುತ್ತೆ."

ಆದರೂ ಅಜ್ಜಿ ಕೈಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ತಂದಿದ್ದ ಸೀರೆಗಳನ್ನೆಲ್ಲ ನೆನೆಸಿ, ಹಿಂಡದೆ, ಬೇಲಿಯ ಉದ್ದಕ್ಕೂ ಹರವಿದಳು. ನೀರು ಟ್ರೆವರನ ಪುದೀನ ಪಾತಿಯ ಮೇಲೆ ತೊಟತೊಟ ಸುರಿಯಿತು. ಅಜ್ಜಿ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಬೈಗುಳಕ್ಕೆ ಕಾದು ಕೂತಳು. ಗಗನಾ ಅಡುಗೆಮನೆಯ ಕಿಟಕಿಯಲ್ಲಿ ನಿಂತಳು.

ಟ್ರೆವರ್ ಬಂದ. ನೋಡಿದ. ಒಳಗೆ ಹೋದ. ಕ್ಯಾಮೆರಾ ತಂದ. "ಎಂಥ ಬಣ್ಣಗಳು!" ಎಂದು ಹದಿನೈದು ಫೋಟೋ ತೆಗೆದು, ಗಾಳಿಗೆ ಹಾರದಿರಲೆಂದು ತನ್ನ ಮನೆಯ ಕ್ಲಿಪ್ಪುಗಳನ್ನೂ ತಂದು ಸಿಕ್ಕಿಸಿಕೊಟ್ಟ.

ಬುಧವಾರ ಅಜ್ಜಿ ಬಾಗಿಲು ಕಿಟಕಿ ತೆರೆದಿಟ್ಟು ಹದಿನೆಂಟು ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದಳು. ಅಂಚೆಯವಳು ಕೆಮ್ಮುತ್ತ ಗೇಟಿನಿಂದಲೇ ಹಿಂತಿರುಗಿದಳು. ಟ್ರೆವರ್ ಕಣ್ಣೊರೆಸಿಕೊಳ್ಳುತ್ತ ಬಂದ. ತಟ್ಟೆ ಹಿಡಿದುಕೊಂಡು ಬಂದ. ಬಡಿಸಿದ್ದನ್ನೆಲ್ಲ ಕೈಯಲ್ಲೇ ಕಲೆಸಿ ಉಂಡು, ಬೆರಳು ನೆಕ್ಕಿದ. ಒಗ್ಗರಣೆ ಹಾಕುವುದನ್ನು ಕಲಿಸಿಕೊಡಿ ಎಂದು ಬೇರೆ ಕೇಳಿದ.

"ಮಿಸೆಸ್ ಕ್ಲೆಗ್ ಬಾಳೆಹಣ್ಣನ್ನೂ ಚಾಕು ಫೋರ್ಕಿನಲ್ಲಿ ತಿಂತಿದ್ಲು," ಎಂದು ಅಜ್ಜಿ ಆ ರಾತ್ರಿ ಊಟ ಬಿಟ್ಟಳು.

ಎರಡನೆಯ ವಾರ ಕಳೆಯುತ್ತ ಬಂತು. ಅಜ್ಜಿ ಮಂಕಾದಳು. ಕಿಟಕಿಯ ಬಳಿ ಕೂತು, ಫ್ರಾನ್ಸಿಗೆ ಹೊರಡುವ ಹಡಗನ್ನು ನೋಡುತ್ತ, ತುಟಿ ಅಲ್ಲಾಡಿಸುತ್ತ ಏನನ್ನೋ ಹೇಳಿಕೊಳ್ಳುತ್ತಿದ್ದಳು. ಉತ್ತರವನ್ನು ಮರೆಯದಿರಲೆಂದು ಒಪ್ಪಿಸಿಕೊಳ್ಳುತ್ತಿದ್ದಾಳೆಂದು ಗಗನಾಗೆ ಗೊತ್ತಿತ್ತು. ಗುರುವಾರ ಅಜ್ಜಿ ನಡುವೆ ತಡವರಿಸಿ ನಿಂತಳು. ಒಂದು ಪದ ಸಿಗಲಿಲ್ಲ. ಅರ್ಧ ಗಂಟೆಯಾದ ಮೇಲೆ ಸಿಕ್ಕಿತು.

"ಮುಂದಿನ ವರ್ಷ ಇನ್ನೊಂದು ಪದ ಹೋಗ್ತದೆ," ಎಂದಳು ಅಜ್ಜಿ ತಣ್ಣಗೆ. "ಆಮೇಲೆ ಇನ್ನೊಂದು. ಕೊನೆಗೆ ಎಸ್, ನೋ ಉಳೀತದೆ. ಹೆಂಗೆ ಹೋಗಿದ್ನೋ ಹಂಗೇ ಹೋಗ್ತೀನಿ."

ಕನಸು ಕಾಣುವವರಿಗೆ ಭಂಡಧೈರ್ಯ ಒಮ್ಮೊಮ್ಮೆ ಥಟ್ಟನೆ ಬರುತ್ತದೆ. ಗಗನಾ ಅಂದೇ ಬೇಲಿ ಹಾರಿ ಹೋಗಿ, ಟ್ರೆವರನಿಗೆ ಎಲ್ಲವನ್ನೂ ಹೇಳಿ, ಅಜ್ಜಿಯನ್ನು ದಯವಿಟ್ಟು ಒಂದೈದು ನಿಮಿಷ ಬೈಯಬೇಕೆಂದು ಬೇಡಿಕೊಂಡಳು. ಟ್ರೆವರ್ ಬೆವರಿದ. ಹಿಂಸೆಯ ಮಾತು ತನಗಾಗದು ಎಂದ. ಕೊನೆಗೆ ಅಜ್ಜಿಯ ವಯಸ್ಸು ನೋಡಿ ಒಪ್ಪಿದ.

ಶುಕ್ರವಾರ ಬೇಲಿಯ ಬಳಿ ನಿಂತು ಗಂಟಲು ಸರಿಮಾಡಿಕೊಂಡ. "ಮೇಡಂ, ನಿಮ್ಮ ಬಟ್ಟೆ ಸ್ವಲ್ಪ... ಬಹಳವಾಯಿತು," ಎಂದ. ಅಜ್ಜಿ ಚಕ್ಕನೆ ತಲೆಯೆತ್ತಿದಳು. ಅಷ್ಟರಲ್ಲಿ ಅವನ ಕಣ್ಣಲ್ಲಿ ನೀರಾಡಿತು. "ಇಲ್ಲ, ಅವು ಸುಂದರವಾಗಿವೆ, ನನ್ನನ್ನು ಕ್ಷಮಿಸಿ," ಎಂದು ಒಳಗೆ ಓಡಿಹೋದ.

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ನೀನು ಹೇಳಿಕೊಟ್ಟೆಯಾ?"

ಗಗನಾ ಬೇಲಿಯ ಮೇಲಿನ ಸೀರೆ ಮಡಚತೊಡಗಿದಳು.

"ಭಿಕ್ಷದ ಜಗಳ ಬೇಡ ಕಣೆ ನನಗೆ," ಎಂದಳು ಅಜ್ಜಿ. ಹೋಗಿ ಸೂಟ್‌ಕೇಸಿಗೆ ಬಟ್ಟೆ ತುಂಬತೊಡಗಿದಳು. ವಿಮಾನಕ್ಕೆ ಇನ್ನೂ ಒಂದು ವಾರವಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಟ್ರೆವರ್ ಬೀಳ್ಕೊಡುಗೆಯ ಚಹಾಕ್ಕೆ ಕರೆದ. ಗಗನಾ ಬಲವಂತ ಮಾಡಿ ಕರೆದೊಯ್ದಳು. ರೋಯ್ಸ್ಟನ್ ಜೊತೆಗೆ ಬಂದ. ಕೇಕು ಇರುತ್ತದೆ ಎಂದು ಅವನಿಗೆ ನಂಬಿಕೆ. ಚಹಾ ದಪ್ಪ ಮಗ್ಗುಗಳಲ್ಲಿ ಬಂತು. ಚಹಾಪುಡಿಯ ಪುಟ್ಟ ಚೀಲ ಇನ್ನೂ ಒಳಗೇ ತೇಲುತ್ತಿತ್ತು, ಬಾಲದಂಥ ದಾರ ಹೊರಗೆ. ಹಾಲು ಓಟ್ಸಿನದು.

ಅಜ್ಜಿ ದಾರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇಂಗ್ಲಿಷಿನಲ್ಲಿ ಮಾತು ತೆಗೆದಳು. ಅಜ್ಜಿಯ ಇಂಗ್ಲಿಷು ಹಳೆಯ ವ್ಯಾಕರಣ ಪುಸ್ತಕದಿಂದ ನೆಟ್ಟಗೆ ಎದ್ದು ಬಂದದ್ದು. ಕನ್ನಡಕ್ಕೆ ತಂದರೆ ಅದು ಹೀಗೆಯೇ ಕೇಳಿಸುತ್ತದೆ:

"ಮಹಾಶಯರೇ, ನಿಮ್ಮ ಜನರಿಗೆ ಏನಾಗಿಹೋಯಿತು? ನಾನು ಕಂಡ ಕಾಲದಲ್ಲಿ ಚಹಾದ ಪಾತ್ರೆಯನ್ನು ಮೊದಲು ಬಿಸಿನೀರಿನಿಂದ ಬೆಚ್ಚಗೆ ಮಾಡುತ್ತಿದ್ದರು. ಹೊಸ್ತಿಲನ್ನು ದಿನವೂ ಮೊಣಕಾಲೂರಿ ಉಜ್ಜುತ್ತಿದ್ದರು. ಗಂಡಸರು ಟೊಪ್ಪಿಗೆ ಎತ್ತುತ್ತಿದ್ದರು. ಈಗ ಎಲ್ಲರೂ ಚಡ್ಡಿಯಲ್ಲಿದ್ದೀರಿ."

"ಕಾಲ ಬದಲಾಯಿತು," ಎಂದ ಟ್ರೆವರ್ ನಗುತ್ತ.

"ಕೆಟ್ಟಿತು. ಆ ದಿನಗಳು ಚಿನ್ನದ ದಿನಗಳು. ಮನೆಯೊಡತಿಯರು ಮಹಾರಾಣಿಯರಂತಿದ್ದರು. ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಎಲ್ಲರೂ ಎಷ್ಟು ಸುಖವಾಗಿದ್ದರು!"

ಟ್ರೆವರ್ ಮಗ್ಗನ್ನು ಮೇಜಿನ ಮೇಲಿಟ್ಟ. ಸದ್ದಾಯಿತು.

"ಸುಖ?" ಎಂದ.

"ಪರಮ ಸುಖ," ಎಂದಳು ಅಜ್ಜಿ.

"ನಾನು ಅಲ್ಲೇ ಇದ್ದೆ." ಅವನ ಕತ್ತಿನಿಂದ ಕೆಂಪು ಏರತೊಡಗಿತು. "ನೀವಿದ್ದ ಎಪ್ಪತ್ತಮೂರನೆಯ ಇಸವಿಯಲ್ಲಿ ನನಗೆ ಹನ್ನೊಂದು ವರ್ಷ. ವಾರಕ್ಕೊಂದು ಸ್ನಾನ, ಅಣ್ಣಂದಿರು ಮಿಂದ ನೀರಿನಲ್ಲೇ ಮೂರನೆಯವನಾಗಿ ನಾನು. ನಿಮ್ಮ ಮಹಾರಾಣಿಯಂಥವಳೇ ನನ್ನ ಅಮ್ಮ. ಹೊಸ್ತಿಲು ಉಜ್ಜುತ್ತಿದ್ದಳು, ಯಾಕೆಂದರೆ ಬೀದಿಯವರಿಗೆ ಕಾಣುತ್ತಿದ್ದುದು ಅದೊಂದೇ. ಒಳಗೆ ಚಳಿಗೆ ಉರಿಸಲು ಕಲ್ಲಿದ್ದಲಿರುತ್ತಿರಲಿಲ್ಲ. ನಾವು ಬಾಯಿ ಬಿಡುತ್ತಿರಲಿಲ್ಲ, ಬಿಟ್ಟರೆ ಬೆಲ್ಟು! ನಲವತ್ತು ವರ್ಷ ಬೇಕಾಯಿತು ನನಗೆ, ಯಾರನ್ನೂ ಬೈಯದೆ ಬದುಕುವುದನ್ನು ಕಲಿಯಲಿಕ್ಕೆ!"

"ಟ್ರೆವರ್..." ಎಂದಳು ಗಗನಾ.

"ಇಲ್ಲ, ಕೇಳಲಿ!" ಟ್ರೆವರ್ ಎದ್ದು ನಿಂತ. ಬೆನ್ನು ನೆಟ್ಟಗಾಗಿತ್ತು. ದನಿ ಏರಲಿಲ್ಲ, ತಣ್ಣಗಾಗಿ, ಮೊನಚಾಯಿತು. "ಹನ್ನೊಂದು ತಿಂಗಳು ಮಹಡಿಯ ಮೇಲೆ ಬಾಡಿಗೆಗಿದ್ದು, ನಮ್ಮ ಬದುಕನ್ನು ಅಡುಗೂಲಜ್ಜಿಯ ಕತೆ ಮಾಡಿಕೊಂಡಿದ್ದೀರಿ, ಮೇಡಂ. ನಿಮಗೆ ಏನೂ ಗೊತ್ತಿಲ್ಲ. ಬಂದ ದಿನದಿಂದ ನನ್ನ ಕಾಲು ನೋಡುತ್ತೀರಿ, ನನ್ನ ಬಟ್ಟೆ ನೋಡುತ್ತೀರಿ. ನನ್ನ ಪುದೀನ ಗಿಡವೆಲ್ಲ ಕೊಳೆತುಹೋಗಿದೆ! ಇನ್ನೊಬ್ಬರ ಮನೆಯಲ್ಲಿ ಕೂತು ಅವರ ಚಹಾವನ್ನು ಆಡಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ. ನೀವು ಬಹಳ ಒರಟು ಹೆಂಗಸು!"

ರೋಯ್ಸ್ಟನ್ ಬಾಯಲ್ಲಿದ್ದ ಕೇಕು ಅಗಿಯುವುದನ್ನು ನಿಲ್ಲಿಸಿದ. ಓಡಿಹೋಗಿ ಅಜ್ಜಿಯ ಕೈ ಹಿಡಿಯಬೇಕೆಂದುಕೊಂಡ ಗಗನಾ ಅಜ್ಜಿಯ ಮುಖ ನೋಡಿ ಅಲ್ಲೇ ನಿಂತಳು.

ಆ ಮುಖದಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಎದ್ದು ಕೂತಿದ್ದಳು.

ಅಜ್ಜಿ ನಿಧಾನವಾಗಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಮಂಡಿನೋವಿನವಳು ಮೇಜಿನ ಆಸರೆಯನ್ನೂ ಹಿಡಿಯಲಿಲ್ಲ. ಐವತ್ತೆರಡು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದನ್ನು, ಒಂದು ಪದವೂ ತಪ್ಪದೆ, ಎದುರಿಗಿರುವವನು ಗಂಡಸು ಎನ್ನುವುದನ್ನೂ ಲೆಕ್ಕಕ್ಕಿಡದೆ, ಹೇಳಿದಳು:

"ಮೇಡಂ! ನಾನು ಮಾನವಂತರ ಮನೆಯ ಮಗಳು. ಭಾನುವಾರ ನಿಮ್ಮ ದೇವರು ವಿಶ್ರಾಂತಿ ಪಡೆದದ್ದು ನಿಜವಿರಬಹುದು. ಅಂದು ಅವನ ಬಟ್ಟೆ ಒಗೆದವಳು ಯಾರೆಂದು ನೀವು ಎಂದಾದರೂ ಕೇಳಿದ್ದೀರಾ? ನನ್ನ ಆರು ಸೀರೆ ಕಂಡ ಮಾತ್ರಕ್ಕೆ ನಿಮ್ಮ ಬೀದಿಯ ಮರ್ಯಾದೆ ಹೋಗುವುದಾದರೆ, ಆ ಮರ್ಯಾದೆ ತೀರ ತೆಳುವಾದ ಬಟ್ಟೆಯದು. ಅದನ್ನೂ ಇತ್ತ ಕೊಡಿ. ಒಗೆದು, ಗಂಜಿ ಹಾಕಿ, ತಂತಿಯ ಮೇಲೆ ಹಾಕುತ್ತೇನೆ. ಒಣಗಿದ ಮೇಲೆ ಬಂದು ತೆಗೆದುಕೊಂಡು ಹೋಗಿ!"

ಟ್ರೆವರ್ ಕೈಯನ್ನು ಸೆಟೆದು ನೀಡಿ, ಬಾಗಿಲು ತೋರಿಸಿದ.

"ಹೊರಗೆ!" ಎಂದ.

ಅಜ್ಜಿ ಕಿವಿಯಿಂದ ಕಿವಿಯವರೆಗೆ ಅರಳಿದಳು.

"ಗಗನಾ, ನನ್ನ ಚಪ್ಪಲಿ ಎಲ್ಲೈತೆ ನೋಡೇ," ಎಂದಳು ಅಚ್ಚ ಕನ್ನಡದಲ್ಲಿ. "ಓಡಿಸ್ತಾ ಅವ್ನೆ ನಮ್ಮನ್ನ!"