ಕಮಲಾಕ್ಷಮ್ಮ ದಪ್ಪಗಾದದ್ದು

ಶಿರಾದ ಕಮಲಾಕ್ಷಮ್ಮನವರದು ಬಡಕಲು ಮೈ. ಅದರ ಬಗ್ಗೆ ಅವರಿಗೆ ಕೊಂಚ ಜಂಬವೂ ಇತ್ತು. ದಪ್ಪಗಿದ್ದವರನ್ನು ಕಂಡರೆ "ಬಾಯಿ ಕಟ್ಟಬೇಕು ಕಣಮ್ಮ" ಎನ್ನುತ್ತಿದ್ದರು. ಮದುವೆಮನೆಯಲ್ಲಿ ಹೇಳಿದ್ದರು, ಸಾವಿನಮನೆಯಲ್ಲೂ ಹೇಳಿದ್ದರು. ಹೆರಿಗೆಯಾದ ಮೇಲೆ ಸೊಸೆ ಲೋಹಿತಾಳ ಮೈ ಊದಿಕೊಂಡು, ಡಾಕ್ಟರು ಥೈರಾಯ್ಡ್ ಎಂದಾಗ, "ಗಾಳಿ ಕುಡಿದು ಯಾರಾದ್ರೂ ದಪ್ಪ ಆಗ್ತಾರಾ?" ಎಂದು ಕೇಳಿದವರೂ ಅವರೇ.

ಅಂಥವರು ಕಳೆದ ಬೇಸಿಗೆಯಲ್ಲಿ ದಪ್ಪಗಾಗತೊಡಗಿದರು. ಮೊದಲು ರವಿಕೆ ಬಿಗಿಯಾಯಿತು. ವಾಷಿಂಗ್ ಮೆಷಿನ್ನಿನ ತಪ್ಪೆಂದು ಬಟ್ಟೆಯನ್ನು ಕೈಯಲ್ಲೇ ಒಗೆಯತೊಡಗಿದರು. ಆಮೇಲೆ ಮುಖ ದುಂಡಗಾಯಿತು. ಅದಕ್ಕೆ ಹೊರಿಸಲು ಯಾವ ಮೆಷಿನ್ನೂ ಇರಲಿಲ್ಲ. ರಾತ್ರಿಯ ಮುದ್ದೆ ಬಿಟ್ಟರು. ಸೋಮವಾರದ ಉಪವಾಸದ ಜೊತೆಗೆ ಗುರುವಾರವನ್ನೂ ಸೇರಿಸಿಕೊಂಡರು. ಹಸಿವು ಮಾತ್ರ ಹಿಂದೆಂದೂ ಇಲ್ಲದ ಹಾಗೆ ಹೊಟ್ಟೆಯೊಳಗೆ ಕೂತು ಕೂಗುತ್ತಿತ್ತು. ಅವರು ಹಲ್ಲು ಕಚ್ಚಿಕೊಂಡು ಸಹಿಸಿದರು.

ಒಂದು ಸಂಜೆ ಮಗ ನಾಗಭೂಷಣ್ ಅಂಗಡಿಯಿಂದ ಬಂದವನು, "ಅಮ್ಮ, ತಿನ್ನೋದಾದ್ರೆ ತಿನ್ನು. ಕದ್ದು ಯಾಕೆ ತಿಂತೀಯ?" ಎಂದ.

"ದೇವರಾಣೆಗೂ ಇಲ್ಲ ಕಣೋ!"

"ಮತ್ತೆ? ಸುಮ್‌ಸುಮ್ನೆ ಯಾರಾದ್ರೂ ಹಿಂಗೆ ಊದ್ತಾರಾ?"

ಸೊಸೆ ಈಗ ನಗುತ್ತಾಳೆ ಎಂದುಕೊಂಡು ಕಮಲಾಕ್ಷಮ್ಮ ಮುಖ ಬಿಗಿಹಿಡಿದರು. ಲೋಹಿತಾ ಹುರುಳಿಕಾಯಿ ಹೆಚ್ಚುತ್ತಿದ್ದಳು.

"ಊದ್ತಾರೆ," ಎಂದಳು. "ನಾಳೆ ಆಸ್ಪತ್ರೆಗೆ ಹೋಗೋಣ ಅತ್ತೆ."

ಡಾಕ್ಟರು ಮುಖ ನೋಡಿದರು, ಬಿ.ಪಿ. ನೋಡಿದರು. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು.

"ಇಲ್ಲಪ್ಪ. ಮಂಡಿನೋವಿಗೆ ಒಂದು ಪುಡಿ, ಅಷ್ಟೇ. ಬರೀ ಬೇರು."

ಪಾವಗಡದ ಕಡೆಯ ಸಂತೆಯಲ್ಲಿ ಕೊಂಡ ಪುಡಿ ಅದು. ಮಾರಿದವನು ಅರ್ಧ ತೆಲುಗಿನಲ್ಲಿ ನೋವು ಹೋಗುತ್ತದೆಂದು ಭರವಸೆ ಕೊಟ್ಟಿದ್ದ. ನೋವು ಹೋಗಿಯೂ ಇತ್ತು.

"ಇಂಥ ಪುಡಿಗೆ ಕೆಲವರು ಸ್ಟೀರಾಯ್ಡ್ ಬೆರೆಸ್ತಾರೆ," ಎಂದರು ಡಾಕ್ಟರು. "ಮುಖ ಹಿಂಗೇ ದುಂಡಗಾಗೋದು, ಹಸಿವು ಹೆಚ್ಚೋದು. ಆದ್ರೆ ಒಂದೇ ಸಲಕ್ಕೆ ನಿಲ್ಲಿಸೋದು ಅಪಾಯ. ರಕ್ತ ಪರೀಕ್ಷೆ ಮಾಡಿಸಿ, ನಾನು ಹೇಳಿದ ಹಾಗೆ ನಿಧಾನಕ್ಕೆ ಬಿಡಬೇಕು."

"ಹಂಗಾದ್ರೆ ನಾನು ಕದ್ದು ತಿಂದು ಊದಿದ್ದಲ್ಲ?"

"ಅಲ್ಲಮ್ಮ."

"ಇದನ್ನೇ ನನ್ನ ಮಗನಿಗೆ ಫೋನಲ್ಲಿ ಹೇಳ್ಬುಡಿ."

ಡಾಕ್ಟರು ಹೇಳಿದರು. ಕಮಲಾಕ್ಷಮ್ಮ ಸ್ಪೀಕರ್ ಹಾಕಿಸಿದರು.

ಆಟೋದಲ್ಲಿ ಬರುವಾಗ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂದು ಆಟೋ ನಿಂತಿತು.

"ನಿಂಗೂ ಹಿಂಗೇ ಹಸಿವಾಗ್ತಿತ್ತೇನೇ?"

"ಇಲ್ಲ ಅತ್ತೆ. ಸುಸ್ತಾಗ್ತಿತ್ತು."

"ಹೇಳಬಾರದಿತ್ತಾ?"

"ಹೇಳಿದ್ದೆ."

ಇಬ್ಬರೂ ಕುರಿಗಳನ್ನು ನೋಡುತ್ತಾ ಕೂತರು. ಕುರಿಗಳು ಬಹಳ ಇದ್ದವು.

ದೀಪಾವಳಿಯ ಹೊತ್ತಿಗೆ ಕಮಲಾಕ್ಷಮ್ಮನ ಮುಖದ ಊತ ಇಳಿಯಿತು, ಮಂಡಿನೋವು ವಾಪಸು ಬಂತು. ಕೊರಟಗೆರೆಯಲ್ಲಿ ನೆಂಟರ ಹುಡುಗಿ ಯಶಸ್ವಿನಿಯ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಲೋಹಿತಾಳತ್ತ ಬಾಗಿ, "ಏನಮ್ಮ, ಇಷ್ಟು ದಪ್ಪ..." ಎಂದು ಶುರುಮಾಡಿದರು. ಕಮಲಾಕ್ಷಮ್ಮ ಜೋರಾಗಿ ಬಡಿಸುವವನನ್ನು ಕರೆದರು. "ಇವಳಿಗೆ ಇನ್ನೊಂದು ಹೋಳಿಗೆ ಹಾಕಪ್ಪ. ತುಪ್ಪ ಜಾಸ್ತಿ ಇರಲಿ."

"ಹೊಟ್ಟೆ ತುಂಬಿದೆ ಅತ್ತೆ, ಬೇಡ," ಎಂದಳು ಲೋಹಿತಾ.

ಬಡಿಸುವವನು ಹೋಳಿಗೆ ಹಿಡಿದು ನಿಂತೇ ಇದ್ದ.

"ಹಂಗಾದ್ರೆ ನಂಗೇ ಹಾಕು," ಎಂದು ಕಮಲಾಕ್ಷಮ್ಮ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು.